ರೈಲಿನಲ್ಲಿ ಕೊಂದವರು ಯಾರೆಂದು ನಾನು ಊರಿಗೆಲ್ಲ ಹೇಳಿದ್ದು

ನನ್ನ ಮೊಮ್ಮಗಳು ರೈಲಿನಲ್ಲಿ ಒಂದು ಕೊಲೆ ಮಾಡಿಸಿದ್ದಾಳೆ ಎಂದು ಹಾಸನದ ಬಸ್ಸಿನಲ್ಲಿ ನಾನು ಖುಷಿಯಿಂದ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತರಕಾರಿ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿಬಿಟ್ಟಳು. ಅಲ್ಲಿಂದಲೇ ಕತ್ತು ಚಾಚಿ, "ಸಿಕ್ಕಾಕ್ಕೊಂಡ್ಲಾ?" ಎಂದಳು.

"ಇಲ್ಲ ಕಣವ್ವಾ, ಶುಕ್ರವಾರ ಬಿಡುಗಡೆ!" ಎಂದೆ.

ಸಿನಿಮಾದ ಮಾತು ಎಂದು ಬಿಡಿಸಿ ಹೇಳಿದ ಮೇಲೆ ಆಕೆ ನಗುತ್ತಾ ಮತ್ತೆ ಪಕ್ಕಕ್ಕೆ ಬಂದಳು. ಬಸ್ಸು ಹಾಸನ ಸೇರುವಷ್ಟರಲ್ಲಿ ಅವಳಿಗೆ ಇಡೀ ಕತೆ ಗೊತ್ತಾಗಿತ್ತು. ಕೊಂದವರು ಯಾರೆನ್ನುವುದೂ ಗೊತ್ತಾಗಿತ್ತು. ನನ್ನ ಎಡವಟ್ಟು ಶುರುವಾದದ್ದು ಹೀಗೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವ ಅಭ್ಯಾಸವಿಲ್ಲ. ಆದರೆ ಮನಸ್ಸು ತುಂಬಿಕೊಂಡು ಕೂತಿದೆ, ಎಲ್ಲಾದರೂ ಇಳಿಸಬೇಕು. ಮಾತಿನಲ್ಲಿ ಇಳಿಸೋಣ ಎಂದರೆ ನಮ್ಮ ಯಜಮಾನರು ಕೇಳಿ ಕೇಳಿ ಸಾಕಾಗಿ ಈಗ ನಾನು ಬಾಯಿ ತೆಗೆದರೆ ಹಸುವಿಗೆ ಹುಲ್ಲು ಹಾಕುವ ನೆಪ ಹೇಳಿ ಎದ್ದು ಹೋಗುತ್ತಾರೆ. ಹಸುವಿನ ಮುಂದೆ ಹುಲ್ಲಿನ ಗುಡ್ಡೆಯೇ ಆಗಿದೆ.

ಮೊಮ್ಮಗಳು ಎಂದರೆ ನನ್ನ ಮಗಳ ಮಗಳು. ಹಾಸನದ ಹತ್ತಿರದ ದುದ್ದ ಎಂಬ ಊರಿನ ನಮ್ಮ ಮನೆಯಲ್ಲೇ ಬೆಳೆದವಳು. ಚಿಕ್ಕಂದಿನಲ್ಲಿ ನಾನು ಕತೆ ಹೇಳಿದರೆ ಮಧ್ಯದಲ್ಲಿ ಕೈ ಅಡ್ಡ ಹಿಡಿದು, "ತಾಳು, ಮುಂದೇನಾಯ್ತು ಅಂತ ನಾನ್ ಹೇಳ್ತೀನಿ" ಎನ್ನುತ್ತಿದ್ದಳು. ಓದು ಮುಗಿದ ಮೇಲೆ ಸಿನಿಮಾ ಮಾಡುವವರ ಕೈಕೆಳಗೆ ಬಹಳ ವರ್ಷ ದುಡಿದಳು. ಬಿಸಿಲಲ್ಲಿ ನಿಂತು ಕಪ್ಪಾಗಿ ಬರುತ್ತಿದ್ದಳು. ನಾನು ತಲೆಗೆ ಹರಳೆಣ್ಣೆ ಒತ್ತುತ್ತಾ, "ನಿನ್ನ ಸಿನ್ಮಾ ಯಾವಾಗ ಮಗಾ?" ಎಂದರೆ, "ಬರ್ತದೆ ಅಜ್ಜಿ, ರೈಲು ಲೇಟು" ಎನ್ನುತ್ತಿದ್ದಳು.

ಕೊನೆಗೆ ಅವಳದೇ ಸಿನಿಮಾ ಬಂತು, ಅದೂ ರೈಲಿನದೇ. ಸಂಜೆ ರೈಲು ಹೊರಡುತ್ತದೆ. ಒಂದೇ ಬೋಗಿಯಲ್ಲಿ ಚಿನ್ನದ ವ್ಯಾಪಾರಿ ಒಬ್ಬ, ಹೊಸದಾಗಿ ಮದುವೆಯಾದ ಗಂಡಹೆಂಡತಿ, ಕೊಬ್ಬರಿ ವ್ಯಾಪಾರಿ, ಮಫ್ತಿಯಲ್ಲಿರುವ ಪೊಲೀಸು, ಟಿಸಿ, ಟೀ ಮಾರುವವನು. ಹೊಳೆಯ ಸೇತುವೆಯ ಮೇಲೆ ದೀಪ ಹೋಗುತ್ತದೆ. ದೀಪ ಬಂದಾಗ ಚಿನ್ನದ ವ್ಯಾಪಾರಿ ಸತ್ತಿದ್ದಾನೆ. ಯಾರೂ ಇಳಿದಿಲ್ಲ, ಯಾರೂ ಹತ್ತಿಲ್ಲ. ಕೊಂದವರು ಅಲ್ಲೇ, ಅವರ ಮಧ್ಯೆಯೇ ಕೂತಿದ್ದಾರೆ. ಇಷ್ಟು ಕತೆ. ಜಗಲಿಯ ಮೇಲೆ ನನ್ನ ತೊಡೆಗೆ ತಲೆಯಿಟ್ಟು ಅವಳು ಇದನ್ನು ಮೊದಲು ಹೇಳಿದ್ದು ನನಗೆ. "ಯಾರು ಕೊಂದಿದ್ದು ಹೇಳು ನೋಡಾಣ" ಎಂದಳು. ನಾನು ಒಬ್ಬೊಬ್ಬರನ್ನೇ ಹೇಳುತ್ತಾ ಹೋದೆ, ಒಂದೂ ಸರಿಯಿರಲಿಲ್ಲ. ಕೊನೆಗೆ ಅವಳೇ ಕಿವಿಯಲ್ಲಿ ಹೇಳಿದಾಗ ನನ್ನ ಕೈಯ ಎಣ್ಣೆ ಬಟ್ಟಲು ಉರುಳಿಬಿತ್ತು. ಅದನ್ನು ನೋಡಿ ಅವಳು ಚಪ್ಪಾಳೆ ತಟ್ಟಿ ನಕ್ಕಳು.

ಚಿತ್ರ ತೆಗೆಯುವುದನ್ನು ನೋಡಲು ನಮ್ಮನ್ನೂ ಕರೆದುಕೊಂಡು ಹೋಗಿದ್ದಳು. ದೊಡ್ಡ ಶೆಡ್ಡಿನೊಳಗೆ ಮರದಲ್ಲೇ ಒಂದು ಬೋಗಿ ಕಟ್ಟಿದ್ದರು. ಕೆಳಗೆ ಟೈರು ಇಟ್ಟು, ಎರಡೂ ಕಡೆ ಆಳುಗಳು ಬಿದಿರಿನ ಗಳ ಹಾಕಿ ಮೀಟುತ್ತಿದ್ದರು. ಒಳಗೆ ಕೂತವರಿಗೆ ರೈಲು ಓಡಿದ ಹಾಗೆಯೇ. ಕಿಟಕಿಯ ಹೊರಗೆ ಒಬ್ಬ ದೀಪ ಹಿಡಿದುಕೊಂಡು ಅತ್ತಿಂದಿತ್ತ ಓಡುತ್ತಿದ್ದ, ಅದು ಸ್ಟೇಷನ್ನಿನ ಬೆಳಕಂತೆ. ನಮ್ಮ ಯಜಮಾನರು ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಕಾದು, "ಇದು ಎಷ್ಟೊತ್ಗೆ ಒರಡ್ತದೆ?" ಎಂದು ಕೇಳಿದರು. ಸತ್ತು ಬಿದ್ದಿದ್ದ ಚಿನ್ನದ ವ್ಯಾಪಾರಿ ಎದ್ದು ಕೂತು ನಕ್ಕುಬಿಟ್ಟ.

ಸಿನಿಮಾ ಬೆಂಗಳೂರಿನಲ್ಲಿ ಬಂತು. ಪರವಾಗಿಲ್ಲ ಎಂದರು. ಆದರೆ ಹಾಸನದಲ್ಲಿ ಯಾವ ಟಾಕೀಸಿನವರೂ ಹಾಕಿಕೊಳ್ಳಲು ಒಪ್ಪಲಿಲ್ಲ. ದೊಡ್ಡ ಹೀರೋ ಇಲ್ಲ, ಹಾಡಿಲ್ಲ, ಹೊಡೆದಾಟವಿಲ್ಲ. ಕೊನೆಗೆ ಒಬ್ಬ ಮ್ಯಾನೇಜರು, "ಶುಕ್ರವಾರ ಒಂದು ಮ್ಯಾಟಿನಿ ಕೊಡ್ತೀನಿ. ಜನ ಬಂದ್ರೆ ಮುಂದುವರೀತದೆ, ಇಲ್ದಿದ್ರೆ ಶನಿವಾರದಿಂದ ಬೇರೆ ಪಿಚ್ಚರ್" ಎಂದನಂತೆ. ಮೊಮ್ಮಗಳು ಫೋನಿನಲ್ಲಿ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. "ಬೇರೆ ಊರಲ್ಲಿ ತೆಗುದ್ರೆ ತಡ್ಕೋಬೋದು ಅಜ್ಜಿ. ನಮ್ಮೂರ್ನಲ್ಲಿ ಒಂದೇ ಆಟಕ್ಕೆ ತೆಗುದ್ರೆ ನಂಗೆ ಮುಖ ಎತ್ತಕ್ಕಾಗಲ್ಲ."

ನಾನು ಫೋನಿಟ್ಟೆ. ಒಳಗೆ ಹೋಗಿ ಕುಂಕುಮದ ಭರಣಿ ತೆಗೆದೆ.

ನಮ್ಮಲ್ಲಿ ಮದುವೆಗೆ ಫೋನಿನಲ್ಲಿ ಕರೆದರೆ ಅದು ಕರೆದಂತೆಯೇ ಅಲ್ಲ. ಮನೆಗೆ ಹೋಗಬೇಕು, ಹಣೆಗೆ ಕುಂಕುಮ ಇಡಬೇಕು, ಕೂತು ನಾಲ್ಕು ಮಾತಾಡಬೇಕು. ಹಾಗೆ ಕರೆದರೆ ಬರದೆ ಇರುವವರು ಯಾರು? ದುದ್ದದಲ್ಲಿ ಒಂದು ಮನೆ ಬಿಡಲಿಲ್ಲ. "ಶುಕ್ರವಾರ ಮ್ಯಾಟಿನಿಗೆ ಎಲ್ಲಾರೂ ಬಂದ್ಬುಡಿ" ಎಂದು ಕುಂಕುಮ ಇಟ್ಟೆ. ಕೂತ ಮೇಲೆ ಕತೆ ಹೇಳದೆ ಇರುತ್ತೇನೆಯೇ? ಸೇತುವೆ ಬಂದ ಹಾಗೆ, ದೀಪ ಹೋದ ಹಾಗೆ, ಕೊನೆಗೆ ಕೊಂದವರು ಸಿಕ್ಕಿಬಿದ್ದ ಹಾಗೆ, ಎಲ್ಲವನ್ನೂ ಕೈ ಬಾಯಿ ಆಡಿಸಿ ಹೇಳಿದೆ. ಹೆಂಗಸರು ಮೊರದಲ್ಲಿದ್ದ ರಾಗಿ ಹಾಗೆಯೇ ಬಿಟ್ಟು ಕೇಳಿದರು.

ನನ್ನ ಲೆಕ್ಕ ತಪ್ಪೆಂದು ನನಗೆ ಈಗಲೂ ಪೂರ್ತಿ ಅನಿಸುವುದಿಲ್ಲ. ನಮ್ಮೂರಿನಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ಯಾರು ಗೆಲ್ಲುತ್ತಾರೆ, ಯಾರ ತೊಡೆ ಮುರಿಯುತ್ತದೆ ಎನ್ನುವುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೂ ಚಾಪೆ ಹಾಸಿ ಜಾಗ ಹಿಡಿಯುವುದಕ್ಕೆ ಜಗಳವಾಗುತ್ತದೆ. ಕತೆ ಗೊತ್ತಿದ್ದರೆ ತಾನೇ ಜನ ಬರುವುದು? ಏನೆಂದು ಗೊತ್ತಿಲ್ಲದ್ದನ್ನು ನೋಡಲು ಯಾರು ಬಸ್ಸು ಹತ್ತಿ ಬರುತ್ತಾರೆ? ಹೀಗೆ ನಾನು ಅಂದುಕೊಂಡಿದ್ದೆ.

ಮಾರನೆಯ ದಿನ ಮೊಮ್ಮಗಳು ಬಂದಳು. ಕಾಫಿ ಲೋಟ ಕೈಗೆ ಕೊಟ್ಟಿದ್ದೆ. ಪಕ್ಕದ ಮನೆಯವಳು ಡೈರಿಗೆ ಹಾಲು ಹಾಕಿ ಬರುತ್ತಿದ್ದವಳು ಕ್ಯಾನು ಹಿಡಿದೇ ಬಾಗಿಲಿಗೆ ಬಂದು, "ಏನವ್ವಾ, ಚೆಂದಾಗಿ ಮಾಡಿದ್ದೀಯಂತೆ ಸಿನ್ಮಾನ! ಅಲ್ಲಾ, ಅವ್ರೇ ಕೊಂದಿದ್ದು ಅಂತ ಯಾರ್ಗಾನಾ ಗೊತ್ತಾಯ್ತದಾ? ಭೇಷ್ ಕಣವ್ವಾ" ಎಂದಳು.

ಮೊಮ್ಮಗಳು ಲೋಟ ಕೆಳಗಿಟ್ಟಳು. "ನಿಮಗೆ ಯಾರು ಹೇಳಿದ್ದು?"

"ನಿಮ್ಮಜ್ಜಿ! ಊರಿಗೆಲ್ಲಾ ಹೇಳವ್ರೆ."

ಅವಳು ಹೋದ ಮೇಲೆ ಮೊಮ್ಮಗಳು ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹೊಸ್ತಿಲ ಪಕ್ಕ ಕುಕ್ಕರಿಸಿ ಕೂತುಬಿಟ್ಟಳು. "ಅಜ್ಜಿ, ಯಾರು ಅಂತ ಗೊತ್ತಾಗ್ಬಾರ್ದು ಅಂತಾನೇ ಅಲ್ವಾ ನಾನು ಇಷ್ಟು ವರ್ಷ ಒದ್ದಾಡಿದ್ದು? ಆ ಎಣ್ಣೆ ಬಟ್ಟಲು ಬಿತ್ತಲ್ಲ, ಅದು ಪ್ರತಿಯೊಬ್ರ ಕೈಯಲ್ಲೂ ಬೀಳ್ಬೇಕಿತ್ತು."

ಆಗ ನನಗೆ ಅರ್ಥವಾಯಿತು. ಒಗಟು ಕೇಳುವ ಮೊದಲೇ ಉತ್ತರ ಹೇಳಿಬಿಟ್ಟಂತೆ ಆಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ.

ಯಜಮಾನರು ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು. "ಅದ್ಕ್ಯಾಕೆ ಇಂಗೆ ಕುಂತಿದ್ದೀರಿ? ಓಗಿ ಕೊಲೆನ ಇನ್ನೊಬ್ನ ಮ್ಯಾಲೆ ಹಾಕ್ಬುಟ್ಟು ಬಾ" ಎಂದರು. ತಮಾಷೆಗೆ ಹೇಳಿದ್ದು. ಆದರೆ ನನಗೆ ದಾರಿ ಕಂಡಿತು.

"ಮಗಾ, ಏಳು" ಎಂದೆ. "ಅವ್ರಿಗೆ ಮರೆಸಕ್ಕಾಗಲ್ಲ. ಆದ್ರೆ ಗೊಂದ್ಲ ಮಾಡ್ಬೋದು."

ಅದೇ ಭರಣಿ ಹಿಡಿದುಕೊಂಡು ಮತ್ತೆ ಹೊರಟೆ. ಪಕ್ಕದ ಮನೆಯವಳಿಗೆ ದನಿ ತಗ್ಗಿಸಿ, "ಲೇ, ನಂಗೆ ಮೊಮ್ಮಗಳು ಸುಳ್ಳು ಹೇಳಿದ್ಲಂತೆ ಕಣೆ. ನಿಜವಾಗ್ಲೂ ಕೊಂದೋನು ಟೀ ಮಾರೋನಂತೆ. ಯಾರ್ಗೂ ಹೇಳ್ಬ್ಯಾಡ" ಎಂದೆ. ಹಾಗೆಂದರೆ ಅವಳು ಎಲ್ಲರಿಗೂ ಹೇಳುತ್ತಾಳೆ ಎಂದು ಗೊತ್ತಿತ್ತು. ಸಂಜೆಗೆ ಇಡೀ ಬೀದಿಗೆ ಟೀ ಮಾರುವವನೇ ಕೊಲೆಗಾರನಾಗಿದ್ದ. ಹಿಂದಿನ ಬೀದಿಗೆ ಹೋಗಿ ಹೊಸ ಮದುಮಗಳ ಮೇಲೆ ಹಾಕಿದೆ.

ಊರಿನದು ಮುಗಿಯಿತು. ಇನ್ನು ನೆಂಟರನ್ನು ಕರೆಯಬೇಕಿತ್ತು. ಹೊಳೆನರಸೀಪುರದಲ್ಲಿ ನನ್ನ ತಂಗಿ. ಬಸ್ಸು ಮೊಸಳೆ ಎನ್ನುವ ಊರು ದಾಟುವವರೆಗೂ ಅವಳಿಗೆ ಯಾರನ್ನು ಕೊಡುವುದು ಎಂದು ಯೋಚಿಸಿದೆ. ಅವಳು ಮೈಸೂರಿಗೆ ಹೋಗಿ ಬರುವುದೆಲ್ಲ ರೈಲಿನಲ್ಲೇ, ಟಿಸಿಯನ್ನು ಕೊಟ್ಟರಾಯಿತು ಎಂದುಕೊಂಡೆ.

"ಟಿಸಿನಾ?" ತಂಗಿ ಕಣ್ಣು ಸಣ್ಣದು ಮಾಡಿದಳು. "ನಂಗ್ಯಾಕೋ ನಂಬ್ಕೆ ಬರಲ್ಲ ಕಣಕ್ಕ. ಟಿಸಿಗೆ ಟಿಕೆಟ್ ನೋಡಕ್ಕೇ ಟೇಮಿರಲ್ಲ, ಕೊಲೆ ಯಾವಾಗ ಮಾಡ್ತಾನೆ?"

"ದೀಪ ಹೋದಾಗ ಟಿಕೆಟ್ ನೋಡಕ್ಕಾಗಲ್ವಲ್ಲ, ಆಗ" ಎಂದೆ. ಅದು ಎಲ್ಲಿಂದ ಬಾಯಿಗೆ ಬಂತೋ ಗೊತ್ತಿಲ್ಲ. ತಂಗಿ ತಲೆಯಾಡಿಸಿ ಒಪ್ಪಿಕೊಂಡಳು.

ಅರಕಲಗೂಡಿನಲ್ಲಿ ನನ್ನ ನಾದಿನಿ. ಅರಕಲಗೂಡಿಗೆ ರೈಲೇ ಇಲ್ಲ, ನಾದಿನಿ ಈ ವಯಸ್ಸಿನವರೆಗೂ ರೈಲು ಹತ್ತಿದವಳಲ್ಲ. ಕತೆ ಕೇಳಿದವಳು ಮೊದಲು ಕೇಳಿದ್ದೇ, "ಅಲ್ಲಾ ಅತ್ತಿಗೆ, ಹೆಣ ಬಿದ್ದಿದ್ರೆ ರೈಲು ನಿಲ್ಸಿ ಇಳ್ಕಬೋದಲ್ವಾ? ನಮ್ ಬಸ್ನಾಗೆ ಕಂಡಕ್ಟ್ರು ಒಂದ್ ಸೀಟಿ ಊದುದ್ರೆ ನಿಂತ್ಕತದೆ."

"ಅದ್ಕೇ ಕಣವ್ವಾ ರೈಲ್ನಲ್ಲಿ ಇಕ್ಕಿರೋದು. ನಿಮ್ ಬಸ್ನಲ್ಲಾಗಿದ್ರೆ ರಾಮನಾಥಪುರ ಬರೋದ್ರೊಳ್ಗೆ ಸಿನ್ಮಾನೇ ಮುಗ್ದೋಗದು."

ಅವಳಿಗೆ ಯಾರನ್ನು ಹೇಳಲಿ? ಕೈಯಲ್ಲಿ ಉಳಿದಿದ್ದವರು ಕಡಿಮೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಸತ್ತೋನು ಸತ್ತೇ ಇಲ್ಲ ಕಣೆ!" ನಾದಿನಿ ಎದೆ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ನನ್ನಪ್ಪಾ" ಎಂದಳು. ಅಷ್ಟು ಚೆನ್ನಾಗಿ ಹೆದರಿದವರು ಬೇರೆ ಯಾರೂ ಇಲ್ಲ.

ಕಷ್ಟವಾದದ್ದು ಚನ್ನರಾಯಪಟ್ಟಣದಲ್ಲಿ. ಅಲ್ಲಿರುವುದು ನನ್ನ ಬೀಗಿತ್ತಿ, ಅಂದರೆ ಮೊಮ್ಮಗಳ ಅಪ್ಪನ ತಾಯಿ. ಅವರದು ಕೊಬ್ಬರಿ ವ್ಯಾಪಾರದ ಮನೆ, ಮಾತು ಅಳತೆಯದು. ಇಷ್ಟು ವರ್ಷವಾದರೂ ನಾವು ಒಬ್ಬರಿಗೊಬ್ಬರು 'ರೀ' ಬಿಟ್ಟವರಲ್ಲ. ಕುಂಕುಮ ಇಡಲು ಹೋದರೆ, "ನನ್ನ ಮೊಮ್ಮಗಳ ಸಿನಿಮಾಕ್ಕೆ ನನ್ನನ್ನೇ ಕರೀತೀರಲ್ಲ ಬೀಗ್ರೇ?" ಎಂದು ಚುಚ್ಚಿದರು.

"ಜೊತೇಲಿ ಓಗಾಣ ಅಂತ ಕಣ್ರೀ" ಎಂದೆ.

"ಕತೆ ನಿಮಗೆ ಹೇಳಿದ್ದಾಳಂತೆ. ನನಗೆ ಹೇಳಿಲ್ಲ."

ಅದು ಅವರಿಗೆ ನಿಜವಾಗಿಯೂ ನೋವಾಗಿತ್ತು. ಸಮಾಧಾನವಾಗಲಿ ಎಂದು, ಯಾರಿಗೂ ಹೇಳದ ಗುಟ್ಟನ್ನು ಹೇಳುವವಳಂತೆ ಕಿವಿಯ ಹತ್ತಿರ ಹೋಗಿ, "ಕೊಂದೋನು ಕೊಬ್ರಿ ವ್ಯಾಪಾರಿ ಕಣ್ರೀ" ಎಂದೆ.

ಬೀಗಿತ್ತಿಯ ಮುಖ ಗಂಟಾಯಿತು. "ಯಾಕೆ? ಕೊಬ್ರಿ ವ್ಯಾಪಾರದೋರು ಕೊಲೆ ಮಾಡೋರ ಥರ ಕಾಣ್ತೀವಾ? ಅಪ್ಪನ ಮನೆ ಕಸುಬು ಅಂತಾನೂ ನೋಡ್ಲಿಲ್ವಾ ಅವಳು?"

ನಾನು ತಕ್ಷಣ ಕೈ ಅಡ್ಡ ಆಡಿಸಿದೆ. "ಅಯ್ಯೋ ಇಲ್ಲ ಕಣ್ರೀ, ಕೇಳಿ ಪೂರ್ತಿ! ಎಲ್ಲಾರೂ ಕೊಬ್ರಿ ವ್ಯಾಪಾರಿ ಅಂದ್ಕತಾರೆ, ಪಾಪ, ಅವ್ನು ದೇವ್ರಂಥೋನು. ನಿಜವಾಗ್ಲೂ ಕೊಂದೋನು ಪೊಲೀಸು."

"ಹಾಗೆ ಹೇಳಿ ಮತ್ತೆ" ಎಂದು ಬೀಗಿತ್ತಿ ಒಳಗೆ ಹೋಗಿ ನನಗೆ ಎಳನೀರು ತಂದುಕೊಟ್ಟರು.

ಶುಕ್ರವಾರ ಟಾಕೀಸಿನ ಮುಂದೆ ಮೊಮ್ಮಗಳು ನಮಗಿಂತ ಮೊದಲೇ ಬಂದು ನಿಂತಿದ್ದಳು. ತುಟಿ ಒಣಗಿತ್ತು. ದುದ್ದದವರು ಬಸ್ಸಿನಲ್ಲಿ, ಬೈಕಿನಲ್ಲಿ ಬಂದರು. ಮದುವೆಗೆ ಕರೆದಂತೆ ಕರೆದಿದ್ದೆನಲ್ಲ, ಎಲ್ಲರೂ ರೇಷ್ಮೆ ಸೀರೆಯಲ್ಲೇ ಬಂದಿದ್ದರು. ಇಬ್ಬರು ಮುಯ್ಯಿಗೆಂದು ಪಾತ್ರೆಯನ್ನೂ ತಂದಿದ್ದರು. ಅದನ್ನು ಯಾರ ಕೈಗೆ ಕೊಡುವುದು ಎಂದು ಗೇಟಿನವನನ್ನು ಕೇಳಿದರು. ಮ್ಯಾನೇಜರು ಹೊರಗೆ ಬಂದು ನೋಡಿ, ಇದು ತನ್ನ ಟಾಕೀಸೋ ಕಲ್ಯಾಣ ಮಂಟಪವೋ ಎನ್ನುವಂತೆ ನಿಂತುಕೊಂಡ. ಟಾಕೀಸು ತುಂಬಲಿಲ್ಲ, ಸುಳ್ಳು ಹೇಳುವುದಿಲ್ಲ. ನಮ್ಮವರು, ಹಿಂದೆ ಒಂದಷ್ಟು ಕಾಲೇಜಿನ ಹುಡುಗ ಹುಡುಗಿಯರು, ಅಲ್ಲಲ್ಲಿ ಬೇರೆಯವರು.

ಸಿನಿಮಾ ಶುರುವಾಯಿತು. ಟೀ ಮಾರುವವನು ಪರದೆಯ ಮೇಲೆ ಬಂದ ಕೂಡಲೇ ದುದ್ದದ ಸಾಲಿನಿಂದ, "ಅವ್ನೇ! ಅವ್ನೇ ಕಣೆ!" ಎಂದು ಪಿಸುಮಾತು ಎದ್ದಿತು. ಮುಂದಿನ ಸಾಲಿನಿಂದ ನನ್ನ ತಂಗಿ ಹಿಂದಕ್ಕೆ ತಿರುಗಿ, "ಅವ್ನಲ್ಲ, ಟಿಸಿ. ಸುಮ್ಕೆ ನೋಡಿ" ಎಂದಳು. ನಾನು ಸೀಟಿನಲ್ಲಿ ಕುಗ್ಗಿ ಕೂತೆ. ಚಿನ್ನದ ವ್ಯಾಪಾರಿ ಸತ್ತು ಬಿದ್ದಾಗ ನಾದಿನಿ ಗಟ್ಟಿಯಾಗಿಯೇ, "ನಾಟ್ಕ ಆಡ್ತಾವ್ನೆ, ಉಸುರಾಡ್ತಾ ಅದೆ ನೋಡಿ!" ಎಂದಳು. ಹಿಂದಿನ ಕಾಲೇಜು ಹುಡುಗರು ಎದ್ದು ನಿಂತು ನೋಡಿದರು.

ಇಂಟರ್‌ವಲ್ಲಿನಲ್ಲಿ ಯುದ್ಧವೇ ಆಯಿತು. ಪಾಪ್‌ಕಾರ್ನ್ ಅಂಗಡಿಯ ಮುಂದೆ ನಮ್ಮವರೆಲ್ಲ ಸೇರಿದ್ದರು.

"ಟಿಸಿ ಅಂತ ನಿಂಗ್ಯಾರು ಹೇಳಿದ್ದು?"

"ನಮ್ಮಕ್ಕ. ನಿಂಗೆ ಟೀ ಮಾರೋನು ಅಂತ?"

"ನಿಮ್ಮಕ್ಕಾನೇ!"

"ಅತ್ತಿಗೆ ನಂಗೆ ಸತ್ತೋನೇ ಸತ್ತಿಲ್ಲ ಅಂದ್ರು!"

ಬೀಗಿತ್ತಿ ಕೈಚೀಲ ಕಂಕುಳಿಗೆ ಸಿಕ್ಕಿಸಿಕೊಂಡು, "ನೀವೆಲ್ಲ ಏನೇ ಹೇಳಿ, ಪೊಲೀಸು. ನನಗೆ ಒಳಗಿನ ಸುದ್ದಿ" ಎಂದರು. "ಒಳಗಿನ ಸುದ್ದಿ ಯಾರು ಕೊಟ್ಟಿದ್ದು?" ಎಂದು ತಂಗಿ ಕೇಳಿದಳು. ಬೀಗಿತ್ತಿ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಾಯಿ ತುಂಬ ಪಾಪ್‌ಕಾರ್ನ್ ಇತ್ತು, ಪುಣ್ಯ.

ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಇದನ್ನೆಲ್ಲ ಕೇಳಿಸಿಕೊಂಡು, "ಅಜ್ಜಿ, ಹೋಗ್ಲಿ ನಮಗಾದ್ರೂ ನಿಜ ಹೇಳಿ" ಎಂದಳು. "ಇಷ್ಟು ಜನದ ಮ್ಯಾಲೆ ಹಾಕಿ ಹಾಕಿ ನಂಗೇ ಮರ್ತೋಗದೆ ಕಣವ್ವಾ" ಎಂದೆ. ಅವಳು ನಗುತ್ತಾ ಹೋಗಿ ತನ್ನ ಗುಂಪಿಗೆ ಹೇಳಿದಳು. ಅವರಲ್ಲೂ ಜಗಳ ಶುರುವಾಯಿತು. ಬೆಲ್ಲು ಹೊಡೆದಾಗ ಎಲ್ಲರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ಓಡಿದರು.

ಆಮೇಲೆ ಒಂದು ಮಾತಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಕೊಲೆಗಾರನ ಮೇಲೆ ಕಣ್ಣು ನೆಟ್ಟು ಕೂತಿದ್ದರು. ಟಿಸಿ ಜೇಬಿಗೆ ಕೈ ಹಾಕಿದರೆ ತಂಗಿ ಮುಂದಕ್ಕೆ ಬಾಗುತ್ತಿದ್ದಳು. ಪೊಲೀಸು ಬಾಗಿಲು ಹಾಕಿದರೆ ಬೀಗಿತ್ತಿ ಉಸಿರು ಬಿಗಿ ಹಿಡಿಯುತ್ತಿದ್ದರು. ನಾದಿನಿ ನನ್ನ ಕೈ ಹಿಡಿದು ಹಿಂಡಿ ಬಳೆ ಒಡೆದುಹಾಕಿದಳು. ಮತ್ತೆ ಸೇತುವೆ ಬಂತು, ಮತ್ತೆ ದೀಪ ಹೋಯಿತು. ಕತ್ತಲಲ್ಲಿ ಗಾಲಿಯ ಸದ್ದು ಮಾತ್ರ. ದೀಪ ಹತ್ತಿಕೊಂಡಾಗ ಕೊಂದವರ ಮುಖ ಕಂಡಿತು.

ಯಾರ ಮುಖ ಎಂದು ಇಲ್ಲಿ ಬರೆಯುವುದಿಲ್ಲ. ನನಗೂ ಸ್ವಲ್ಪ ಬುದ್ಧಿ ಬಂದಿದೆ.

ಆದರೆ ಇಷ್ಟು ಹೇಳುತ್ತೇನೆ. ಮೊಮ್ಮಗಳನ್ನು ಬಿಟ್ಟರೆ ಖಚಿತವಾಗಿ ಗೊತ್ತಿದ್ದವಳು ಆ ಇಡೀ ಟಾಕೀಸಿನಲ್ಲಿ ನಾನೊಬ್ಬಳೇ, ಆದರೂ ನನ್ನ ಎದೆ ಹಾರಿತು. ಗೊತ್ತಿದ್ದರೂ ಹಾರಿತು. ನಾಟಕದ ವಿಷಯದಲ್ಲಿ ನಾನು ಅಂದುಕೊಂಡದ್ದು ಪೂರ್ತಿ ಸುಳ್ಳಲ್ಲ. "ಹಾಂ!" ಎಂದು ಸಾಲು ಸಾಲೇ ಎದ್ದಿತು. ಪಕ್ಕದ ಮನೆಯವಳು, "ನೀವು ಮೊದ್ಲು ಹೇಳಿದ್ದೇ ನಿಜಾ!" ಎಂದು ನನ್ನ ಭುಜಕ್ಕೆ ಹೊಡೆದಳು. ತಿರುಗಿ ನೋಡಿದರೆ, ಬಾಗಿಲ ಪಕ್ಕ ಮೊಮ್ಮಗಳು ನಿಂತಿದ್ದಳು. ಅವಳು ಪರದೆಯನ್ನು ನೋಡುತ್ತಿರಲಿಲ್ಲ, ಜನರ ಮುಖ ನೋಡುತ್ತಿದ್ದಳು. ಎರಡೂ ಕೈ ಬಾಯಿಯ ಮೇಲಿತ್ತು.

ಸಿನಿಮಾ ಬಿಟ್ಟಾಗ ಎಲ್ಲರೂ ನನ್ನನ್ನು ಸುತ್ತಿಕೊಂಡರು. ಬೈಗುಳ ತಿನ್ನುವುದಕ್ಕೆ ತಯಾರಾಗಿ ನಿಂತೆ. ಮೊದಲು ಬಾಯಿ ತೆಗೆದವರು ಬೀಗಿತ್ತಿ. "ಬೀಗ್ರೇ, ನಿಮ್ಮ ಮಾತು ಕೇಳಿ ನಾನು ಆ ಪೊಲೀಸಪ್ಪನ್ನೇ ನೋಡ್ತಾ ಕೂತಿದ್ದೆ. ನಿಜವಾಗಿ ಕೊಂದೋರು ಅಷ್ಟು ಹೊತ್ತೂ ಏನೇನು ಮಾಡ್ತಿದ್ರು ಅಂತ ನಾನು ನೋಡೇ ಇಲ್ಲ! ನಾಳೆ ಇನ್ನೊಂದ್ಸಲ ನೋಡ್ಬೇಕು."

"ನಾನೂವೆ" ಎಂದಳು ತಂಗಿ. "ಹಾಳಾದ್ ಟಿಸಿ, ಅವ್ನ ಜೇಬೊಂದು ಬಿಟ್ಟು ಇನ್ನೇನೂ ನೋಡ್ಲಿಲ್ಲ."

"ನಾನ್ ಸತ್ತೋನ್ ಎದ್ದೇಳ್ತಾನೆ ಅಂತ ಕಾಯ್ತಾನೇ ಇದ್ದೆ" ಎಂದಳು ನಾದಿನಿ. "ಏಳ್ಲೇ ಇಲ್ವಲ್ಲ, ಪಾಪಿ."

ಕಾಲೇಜಿನವರೂ ಅದನ್ನೇ ಹೇಳುತ್ತಿದ್ದರು, ಫೋನಿನಲ್ಲಿ ಗೆಳೆಯರಿಗೆ. "ಯಾರು ಅಂತ ಹೇಳಲ್ಲ ಮಗಾ, ಬಂದು ನೋಡು" ಎಂದು ಒಬ್ಬ ಕಿರುಚುತ್ತಿದ್ದ. ಮ್ಯಾನೇಜರು ಟಿಕೆಟ್ ಕೌಂಟರಿನಿಂದ ಇಳಿದು ಬಂದು ಮೊಮ್ಮಗಳ ಮುಂದೆ ನಿಂತ. "ಮೇಡಂ, ನಾಳೆ ಮ್ಯಾಟಿನಿ ಇರ್ಲಿ. ಸಂಜೆ ಫಸ್ಟ್ ಶೋನೂ ಹಾಕಿ ನೋಡಾಣ. ಆದ್ರೆ ಈ ಅಜ್ಜೀರನ್ನ ಒಂದ್ ಸ್ವಲ್ಪ ಮೆಲ್ಲಗೆ ಮಾತಾಡಕ್ಕೆ ಹೇಳಿ" ಎಂದ.

ಮೊಮ್ಮಗಳು ಅವನಿಗೆ ಕೈ ಮುಗಿದಳು. ಬಂದು ನನ್ನ ಕತ್ತಿಗೆ ಜೋತುಬಿದ್ದಳು. ಇನ್ನೊಂದು ಕೈಯಿಂದ ಬೀಗಿತ್ತಿಯನ್ನೂ ಎಳೆದುಕೊಂಡಳು. ಮೂವರ ಹಣೆಯೂ ಡಿಕ್ಕಿಯಾಯಿತು.

ಅವತ್ತು ನೆಂಟರು ಯಾರೂ ತಮ್ಮ ಊರಿಗೆ ಹೋಗಲಿಲ್ಲ. ನಾಳೆಯ ಆಟಕ್ಕೆ ಮತ್ತೆ ಅಷ್ಟು ದೂರದಿಂದ ಬರುವುದು ಯಾಕೆ ಎಂದು ಎಲ್ಲರೂ ದುದ್ದಕ್ಕೇ ಬಂದರು. ಹೊತ್ತು ಮುಳುಗುವ ಮೊದಲೇ ಒಲೆ ಹಚ್ಚಿದೆ. ನಡುಮನೆಯಲ್ಲಿ ಮೊಮ್ಮಗಳನ್ನು ಮಧ್ಯೆ ಕೂರಿಸಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ. ದೀಪ ಹೋದಾಗ ಸೀಟಿನ ಕೆಳಗೆ ಬಿದ್ದದ್ದು ಏನು? ಟಿಸಿಗೆ ಅನುಮಾನ ಬಂದದ್ದು ಯಾವಾಗ? ಆ ಮದುಮಗಳು ಕಿಟಕಿ ಯಾಕೆ ಮುಚ್ಚಿದಳು? ಯಜಮಾನರು ಕೂಡ ಹಸುವನ್ನು ಬಿಟ್ಟು ಬಂದು ಕೂತಿದ್ದರು. ಮೊಮ್ಮಗಳು ಒಂದೊಂದಕ್ಕೂ ಕೈ ಆಡಿಸಿ ಉತ್ತರ ಹೇಳುತ್ತಿದ್ದಳು, ಕೆನ್ನೆ ಕೆಂಪಗಾಗಿತ್ತು, ಮಧ್ಯೆ ಮಧ್ಯೆ ನಗು ತಡೆಯಲಾರದೆ ಒರಗಿಕೊಳ್ಳುತ್ತಿದ್ದಳು.

ನಾನು ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಾ ಮುದ್ದೆ ತೊಳಸುತ್ತಿದ್ದೆ. ಪಕ್ಕದಲ್ಲಿ ಯಾರೋ ಬಂದು ಕೂತಂತಾಯಿತು. ಬೀಗಿತ್ತಿ. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಅಡುಗೆಮನೆಯ ಒಳಗೆ ಬಂದವರಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಒದ್ದೆ ಮಾಡಿಕೊಂಡು, ಬಿಸಿ ಮುದ್ದೆಯನ್ನು ಉಂಡೆ ಕಟ್ಟಲು ಶುರುಮಾಡಿದರು.

"ನಾಳೆ ಬೇಗ ಹೊರಡಾಣ ಕಣೇ," ಎಂದರು, 'ರೀ' ಎನ್ನದೆ. "ಮುಂದಿನ್ ಸಾಲಲ್ಲಿ ಇಬ್ರೂ ಅಕ್ಕಪಕ್ಕ ಕೂತ್ಕಳಾಣ."